ಹಾಸ್ಟೆಲ್ ತಟ್ಟೆಯ ಲೆಕ್ಕ

ರಾತ್ರಿ ಎಂಟೂವರೆಗೆ ಯಾವುದಾದರೂ ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಹೋಗಿ, ಕೈ ತೊಳೆಯುವ ಜಾಗದ ಪಕ್ಕ ಐದು ನಿಮಿಷ ನಿಂತು ನೋಡಿ. ಅಲ್ಲೊಂದು ನೀಲಿ ಡ್ರಮ್ ಇರುತ್ತದೆ. ಹುಡುಗರು ಮಾತಾಡುತ್ತಲೇ ಬಂದು, ತಟ್ಟೆಯನ್ನು ಅದರ ಅಂಚಿಗೆ ಎರಡು ಸಲ ಬಡಿದು, ನಲ್ಲಿಯತ್ತ ಹೋಗುತ್ತಾರೆ. ಡ್ರಮ್ಮಿನೊಳಗೆ ಬೀಳುವುದು ಹೆಚ್ಚಾಗಿ ಅನ್ನ, ತಿಳಿಸಾರಿನಲ್ಲಿ ನೆನೆದು ತಣ್ಣಗಾದ ಅನ್ನ. ಪಲ್ಯ ಅಷ್ಟಾಗಿ ಬೀಳುವುದಿಲ್ಲ, ಬಡಿಸಿದ್ದೇ ಒಂದು ಚಮಚ. ಮೊಟ್ಟೆ ಕೊಡುವ ದಿನ ಮೊಟ್ಟೆ ಬಿದ್ದದ್ದನ್ನು ನಾನಂತೂ ಕಂಡಿಲ್ಲ. ಅಲ್ಲಿಂದ ಗೇಟಿನಾಚೆಗೆ ಬಂದರೆ ಎಗ್ ರೈಸ್ ಗಾಡಿ. ಅದರ ಸುತ್ತ ಈಗಷ್ಟೇ ತಟ್ಟೆ ಬಡಿದು ಬಂದ ಅದೇ ಹುಡುಗರು. ಒಳಗೆ ಬಿಟ್ಟದ್ದೂ ಅನ್ನ, ಹೊರಗೆ ದುಡ್ಡು ಕೊಟ್ಟು ತಿನ್ನುವುದೂ ಅನ್ನವೇ. ಹೆಚ್ಚಿಗೆ ಇರುವುದು ಒಂದು ಮೊಟ್ಟೆ, ಒಂದಿಷ್ಟು ಖಾರ, ತನಗೆ ಬೇಕಾದ್ದನ್ನು ತಾನೇ ಕೇಳಿ ತಿಂದೆ ಎಂಬ ಸಮಾಧಾನ.

ಓದುವ ವಯಸ್ಸಿನವರು ಏನು ತಿನ್ನುತ್ತಾರೆ, ಆ ಊಟ ಅವರ ಮೈಗೂ ಹಿಡಿಸಿ ಮಣ್ಣು ನೀರಿಗೂ ಭಾರವಾಗದಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಈಚೆಗೆ ಜಗತ್ತಿನ ವಿಶ್ವವಿದ್ಯಾಲಯಗಳಲ್ಲೆಲ್ಲ ಎದ್ದಿದೆ. ‘ಸುಸ್ಥಿರ ಆಹಾರ’ ಎಂಬ ಹೆಸರು ಹೊಸದು, ಅದರೊಳಗಿನ ಜಗಳ ಹಳೆಯದು. ಪೌಷ್ಟಿಕ ತಜ್ಞರು, ಪರಿಸರದವರು, ಸಿರಿಧಾನ್ಯದವರು, ಆಹಾರದ ಹಕ್ಕಿನ ಮಾತಾಡುವವರು, ಕೊನೆಗೆ ಲೆಕ್ಕಪತ್ರ ಶಾಖೆಯ ಗುಮಾಸ್ತರು, ಒಬ್ಬೊಬ್ಬರೂ ಒಂದೊಂದು ಬದಿಯಿಂದ ಈ ತಟ್ಟೆಗೆ ಕೈ ಹಾಕಿದ್ದಾರೆ. ಕರ್ನಾಟಕದ ಹಾಸ್ಟೆಲನ್ನು ಮುಂದಿಟ್ಟುಕೊಂಡು ಅವರ ಮಾತುಗಳನ್ನು ಇಲ್ಲಿ ಒಂದೆಡೆ ತಂದಿದ್ದೇನೆ.

ವಾರಾನ್ನದಿಂದ ವಿದ್ಯಾಸಿರಿಯವರೆಗೆ

ನಮ್ಮಲ್ಲಿ ವಿದ್ಯಾರ್ಥಿಯ ಊಟವೆಂದರೆ ಯಾರ ಮನೆಯ ಊಟ ಎಂಬುದೇ ಮೊದಲ ಮಾತಾಗಿತ್ತು. ಹಳೆಯ ಮೈಸೂರಿನಲ್ಲಿ ಬಡ ಬ್ರಾಹ್ಮಣ ಹುಡುಗರು ಓದಿದ್ದು ವಾರಾನ್ನದಿಂದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಏಳರಲ್ಲಿ ಒಂದು ಮನೆ ತಪ್ಪಿದರೆ ಆ ದಿನ ತಣ್ಣೀರು. ಕನ್ನಡದ ಎಷ್ಟೋ ಆತ್ಮಕಥೆಗಳಲ್ಲಿ ಈ ಏಳು ಮನೆಗಳ ಜಗುಲಿ ಬಂದು ಹೋಗುತ್ತದೆ. ಬೇರೆ ಜಾತಿಯ ಹುಡುಗರಿಗೆ ಆ ಜಗುಲಿಯೂ ಇರಲಿಲ್ಲ. ಮಂಗಳೂರಿನಲ್ಲಿ 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರು ಪಾಠದ ಜೊತೆ ಮಧ್ಯಾಹ್ನದ ಊಟವನ್ನೂ ಇಟ್ಟರು. ಬಿಸಿಯೂಟ ಎಂಬ ಮಾತು ಹುಟ್ಟುವುದಕ್ಕೆ ನೂರು ವರ್ಷ ಮೊದಲಿನ ಸಂಗತಿ ಇದು.

ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕ ಹಾಸ್ಟೆಲುಗಳ ಕಾಲ. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಒಂದೊಂದಾಗಿ ಉಳಿದ ಸಮುದಾಯಗಳೂ ತಮ್ಮ ಹುಡುಗರಿಗೆ ಪೇಟೆಯಲ್ಲಿ ಒಂದು ಸೂರು, ಒಂದು ಒಲೆ ಹೂಡಿದವು. ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳ ಕಾಲದಲ್ಲಿ, 1917ರ ಸುಮಾರಿಗೆ ಶುರುವಾದ ಉಚಿತ ವಿದ್ಯಾರ್ಥಿ ನಿಲಯ ಶಿವಕುಮಾರ ಸ್ವಾಮಿಗಳ ಹೊತ್ತಿಗೆ ಹತ್ತು ಸಾವಿರದ ಸಮೀಪ ಮಕ್ಕಳ ದಾಸೋಹವಾಗಿ ಬೆಳೆಯಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಜೋಳಿಗೆ ಹಿಡಿದು ಪ್ರಸಾದ ನಿಲಯ ನಡೆಸಿದರು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ವರದಿಯ ನಂತರ ಮೈಸೂರು ಸರ್ಕಾರವೂ ಹಿಂದುಳಿದವರ ವಿದ್ಯಾರ್ಥಿವೇತನ, ವಸತಿಯ ಕಡೆ ಕಣ್ಣು ಹಾಯಿಸಿತು.

ಮಠದ ದಾಸೋಹದ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಸುಗ್ಗಿಯಾದ ಮೇಲೆ ಭಕ್ತರು ಗಾಡಿಯಲ್ಲಿ ರಾಗಿ, ಜೋಳ, ಕಾಳು, ತೆಂಗಿನಕಾಯಿ ತಂದು ಮಠದ ಉಗ್ರಾಣಕ್ಕೆ ಸುರಿಯುತ್ತಿದ್ದರು. ಮಕ್ಕಳು ಉಣ್ಣುತ್ತಿದ್ದದ್ದು ಸುತ್ತಲಿನ ಹೊಲದಲ್ಲಿ ಬೆಳೆದದ್ದನ್ನೇ. ಇಂದು ‘ಸ್ಥಳೀಯ ಆಹಾರ ವ್ಯವಸ್ಥೆ’ ಎಂದು ವಿಚಾರ ಸಂಕಿರಣದಲ್ಲಿ ಕೇಳುವುದೆಲ್ಲ ಅಲ್ಲಿ ನಡೆದಿತ್ತು. ಯಾರೂ ಅದಕ್ಕೆ ಹೆಸರಿಟ್ಟಿರಲಿಲ್ಲ, ಅಷ್ಟೆ.

ದೇವರಾಜ ಅರಸರ ಕಾಲದಿಂದ, ಅದರಲ್ಲೂ 1975ರ ಹಾವನೂರು ವರದಿಯ ನಂತರ, ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು ತಾಲ್ಲೂಕು ತಾಲ್ಲೂಕಿಗೂ ಹಬ್ಬಿದವು. ಮಠದ ಪ್ರಸಾದ ಸರ್ಕಾರದ ‘ಭೋಜನ ವೆಚ್ಚ’ವಾಯಿತು. ಕೊಡುವವರಿಗೆ ಅದು ಖರ್ಚು, ಉಣ್ಣುವವರಿಗೆ ಹಕ್ಕು. ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿದವರಿಗೆ ಹಾಸ್ಟೆಲೆಂದರೆ ಹಸಿವು, ಗೆಳೆತನ, ರಾಜಕಾರಣ ಮೂರೂ ಕಲಿಸಿದ ಜಾಗ ಎಂದು ಗೊತ್ತು. ದಲಿತ ಚಳವಳಿಯ ಒಂದು ಪೀಳಿಗೆ ಮೊದಲ ಧರಣಿ ಕೂತದ್ದು ಸಾರಿನ ನೀರಿನ ವಿಚಾರಕ್ಕೇ ಇರಬೇಕು.

ಹಾಸ್ಟೆಲ್ ಸೀಟು ಸಿಗದವರಿಗೆಂದು 2013-14ರಲ್ಲಿ ವಿದ್ಯಾಸಿರಿ ಬಂತು: ಊಟ ವಸತಿ ಎರಡಕ್ಕೂ ಸೇರಿ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ದಿನಕ್ಕೆ ಐವತ್ತು ರೂಪಾಯಿ. ಅದರಲ್ಲಿ ಬಾಡಿಗೆಯೂ ಆಗಬೇಕು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ತೆರೆದು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಡತೊಡಗಿದಾಗ ಸಾಲಿನಲ್ಲಿ ಕೂಲಿಯವರ ಹಿಂದೆ ಬ್ಯಾಗು ಹಾಕಿಕೊಂಡ ಹುಡುಗರೂ ನಿಂತಿದ್ದು ಸುಮ್ಮನೆ ಅಲ್ಲ.

ತಿನ್ನುವುದೇನು, ಬಿಡುವುದೇನು

ಪೌಷ್ಟಿಕ ತಜ್ಞರ ವಾದ ಎಲ್ಲಕ್ಕಿಂತ ಸರಳ: ಇವರ ಊಟದಲ್ಲಿ ಧಾನ್ಯ ಜಾಸ್ತಿ, ಬೇಳೆಕಾಳು ತರಕಾರಿ ಹಣ್ಣು ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ನಮ್ಮ ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ. 45 ಮೀರಬಾರದು. ವಾಸ್ತವದಲ್ಲಿ ಅದು ಶೇ. 50ರಿಂದ 70. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾಂಬಾರು, ರಾತ್ರಿ ಅನ್ನ ರಸಂ ಎಂಬ ಮೆಸ್ಸಿನ ದಿನಚರಿ ಈ ಅಂಕಿಯ ಜೀವಂತ ರೂಪ. ವಾರಕ್ಕೆರಡು ಸಲ ಅನ್ನ ತಪ್ಪಿದರೆ ಅದು ಉಪ್ಪಿಟ್ಟಿನ ದಿನ. ಹುಡುಗರು ಅದಕ್ಕಿಟ್ಟ ಹೆಸರು ‘ಕಾಂಕ್ರೀಟ್’.

ಇದರ ಫಲ ಹುಡುಗಿಯರಲ್ಲಿ ಎದ್ದು ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧ. ಗಂಡಸರಲ್ಲಿ ಇದು ದೇಶದಲ್ಲಿ ಶೇ. 25. ಎಗ್ ರೈಸ್ ಗಾಡಿಯ ಮುಂದೆ ರಾತ್ರಿ ಒಂಬತ್ತಕ್ಕೆ ಹುಡುಗರೇ ಯಾಕೆ ಇರುತ್ತಾರೆ ಎಂದು ಕೇಳಿಕೊಂಡರೆ ಇನ್ನೊಂದು ಎಳೆ ಸಿಗುತ್ತದೆ. ಹುಡುಗಿಯರ ಹಾಸ್ಟೆಲಿನ ಗೇಟು ಅಷ್ಟು ಹೊತ್ತಿಗೆ ಮುಚ್ಚಿರುತ್ತದೆ. ಮೆಸ್ಸಿನ ಊಟ ಹಿಡಿಸದಿದ್ದರೆ ಹುಡುಗನಿಗೆ ಗಾಡಿ ಇದೆ, ಹುಡುಗಿಗೆ ಟ್ರಂಕಿನಲ್ಲಿರುವ ಬಿಸ್ಕತ್ತು, ಊರಿಂದ ತಂದ ಚಟ್ನಿಪುಡಿ.

ಅನುಕೂಲಸ್ಥರ ಕ್ಯಾಂಪಸ್ಸಿನಲ್ಲಿ ಚಿತ್ರ ಬೇರೆ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮೊದಲ ದರ್ಶಿನಿ ತೆರೆದಾಗ ನಿಂತು ತಿನ್ನುವುದೇ ಒಂದು ಕ್ರಾಂತಿ. 2014ರಲ್ಲಿ ಅದೇ ಊರಿನಲ್ಲಿ ಸ್ವಿಗ್ಗಿ ಹುಟ್ಟಿದ ಮೇಲೆ ಎದ್ದು ನಿಲ್ಲುವುದೂ ಬೇಡವಾಯಿತು. 2022-23ರ ಗೃಹಬಳಕೆ ವೆಚ್ಚ ಸಮೀಕ್ಷೆಯಲ್ಲಿ ನಗರದವರ ಒಟ್ಟು ಖರ್ಚಿನಲ್ಲಿ ಪಾನೀಯ ಮತ್ತು ಸಂಸ್ಕರಿತ ತಿನಿಸಿನ ಪಾಲು ಶೇ. 10 ದಾಟಿತು, ಧಾನ್ಯದ್ದು ಶೇ. 5ಕ್ಕಿಂತ ಕೆಳಗಿಳಿಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2016ರಲ್ಲೊಮ್ಮೆ, 2018ರಲ್ಲಿ ಮತ್ತೊಮ್ಮೆ, ಕ್ಯಾಂಪಸ್ಸುಗಳಲ್ಲಿ ಜಂಕ್ ಫುಡ್ ಮಾರಬಾರದೆಂದು ಸುತ್ತೋಲೆ ಕಳಿಸಿತು. ಸುತ್ತೋಲೆ ಗೇಟಿನೊಳಗೆ ಮಾತ್ರ ಓಡಾಡುತ್ತದೆ, ಹಸಿವು ಗೇಟು ದಾಟುತ್ತದೆ. ಗೋಬಿ ಮಂಚೂರಿಗೆ ಬಳಿಯುವ ಕೃತಕ ಬಣ್ಣವನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದಾಗ ಬಣ್ಣ ಹೋಯಿತು, ಗೋಬಿ ಉಳಿಯಿತು.

ಈ ವಾದ ಹುಡುಗ ಹುಡುಗಿಯರ ಮೈಗೆ ಏನಾಗಿದೆ ಎಂದು ಚೆನ್ನಾಗಿ ತೋರಿಸುತ್ತದೆ. ಯಾಕೆ ಹಾಗೆ ತಿನ್ನುತ್ತಾರೆ ಎಂದು ಕೇಳಿದರೆ ಮಾತ್ರ ‘ಅರಿವಿನ ಕೊರತೆ’ ಎಂದು ಕೈ ತೊಳೆದುಕೊಳ್ಳುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ಬೇಳೆ ಒಳ್ಳೆಯದೆಂದು ತಿಳಿಯದ ಹುಡುಗನನ್ನು ನಾನು ನೋಡಿಲ್ಲ. ಸಾರಿನ ತಳದಲ್ಲಿ ಬೇಳೆ ಹುಡುಕಿ ಸೋತವರನ್ನು ಬೇಕಾದಷ್ಟು ನೋಡಿದ್ದೇನೆ, ಅವರಲ್ಲಿ ನಾನೂ ಒಬ್ಬ.

ಬರ್ಲಿನ್ನಿನ ತಟ್ಟೆ, ಬಳ್ಳಾರಿಯ ತಟ್ಟೆ

ಪರಿಸರದವರ ವಾದ ಹುಟ್ಟಿದ್ದು ಬೇರೆ ನೆಲದಲ್ಲಿ. 2018ರಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬ ಇಬ್ಬರು 119 ದೇಶಗಳ ಸುಮಾರು 38,700 ಜಮೀನುಗಳ ಮಾಹಿತಿ ಕಲೆಹಾಕಿ, ಮನುಷ್ಯ ಹೊರಬಿಡುವ ಹಸಿರುಮನೆ ಅನಿಲದಲ್ಲಿ ಕಾಲುಭಾಗದಷ್ಟು ಆಹಾರದಿಂದ ಬರುತ್ತದೆಂದು ತೋರಿಸಿದರು. 2019ರ ಜನವರಿಯಲ್ಲಿ ಈಟ್-ಲ್ಯಾನ್ಸೆಟ್ ಆಯೋಗ ಇಡೀ ಭೂಮಿಗೆ ಹೊಂದುವ ಒಂದು ತಟ್ಟೆಯನ್ನೇ ಬರೆದುಕೊಟ್ಟಿತು. ಅದರ ತಿರುಳು: ಕೆಂಪು ಮಾಂಸ ತೀರಾ ಕಡಿಮೆ, ಕಾಳು ಬೀಜ ತರಕಾರಿ ಹೆಚ್ಚು.

ಅಲ್ಲಿನ ವಿಶ್ವವಿದ್ಯಾಲಯಗಳು ಇದನ್ನು ಗಂಭೀರವಾಗಿ ತೆಗೆದುಕೊಂಡವು. ಕೇಂಬ್ರಿಜ್ 2016ರಲ್ಲೇ ತನ್ನ ಕ್ಯಾಂಟೀನುಗಳಿಂದ ದನ ಮತ್ತು ಕುರಿಯ ಮಾಂಸವನ್ನು ತೆಗೆದಿತ್ತು. ಪೋರ್ಚುಗಲ್ಲಿನ ಕೊಯಿಂಬ್ರಾ 2020ರಲ್ಲಿ ದನದ ಮಾಂಸ ಬಿಟ್ಟಿತು. ಬರ್ಲಿನ್ನಿನ ವಿದ್ಯಾರ್ಥಿ ಕ್ಯಾಂಟೀನುಗಳು 2021ರಿಂದ ಮಾಂಸ ಮೀನು ಎರಡೂ ಸೇರಿ ಮೆನುವಿನ ಶೇ. 4ಕ್ಕೆ ಇಳಿಸಿದವು. ಇವೆಲ್ಲದರಲ್ಲಿ ನನಗೆ ಹಿಡಿಸಿದ್ದು ಕೇಂಬ್ರಿಜ್‌ನದೇ ಇನ್ನೊಂದು ಪ್ರಯೋಗ. ಕಾಲೇಜಿನ ಕ್ಯಾಂಟೀನುಗಳಲ್ಲಿ ನಾಲ್ಕರಲ್ಲಿ ಒಂದಿದ್ದ ಸಸ್ಯಾಹಾರದ ಬಗೆಯನ್ನು ಎರಡಕ್ಕೆ ಏರಿಸಿ, ಯಾರಿಗೂ ಏನೂ ಬೋಧಿಸದೆ ಸುಮ್ಮನಿದ್ದರು. ಸಸ್ಯಾಹಾರದ ಮಾರಾಟ ಮೊದಲಿಗಿಂತ ಶೇ. 41ರಿಂದ 79ರಷ್ಟು ಹೆಚ್ಚಿತು. ಕಣ್ಣೆದುರಿಗೆ ಇದ್ದದ್ದನ್ನು ಜನ ತಿಂದರು.

ಇದೇ ಅಳತೆಗೋಲು ಹಿಡಿದು ನಮ್ಮ ಮೆಸ್ಸಿಗೆ ಬಂದರೆ ಪೇಚಾಗುತ್ತದೆ. ತೆಗೆಯಲು ಇಲ್ಲಿ ಮಾಂಸವೇ ಇಲ್ಲ. 2020ರಲ್ಲಿ ಭಾರತೀಯರ ಊಟವನ್ನು ಈಟ್-ಲ್ಯಾನ್ಸೆಟ್ ತಟ್ಟೆಯ ಪಕ್ಕ ಇಟ್ಟು ನೋಡಿದ ಅಧ್ಯಯನವೊಂದು ಕಂಡದ್ದು ಇದನ್ನೇ: ಧಾನ್ಯ ಮಿತಿಗಿಂತ ಹೆಚ್ಚು, ಪ್ರೋಟೀನ್ ಹಣ್ಣು ತರಕಾರಿ ಬೇಕಾದ್ದಕ್ಕಿಂತ ಕಡಿಮೆ. ಬರ್ಲಿನ್ನಿನ ಹುಡುಗ ಭೂಮಿಗಾಗಿ ತಟ್ಟೆಯಿಂದ ಏನನ್ನೋ ಕಳೆಯಬೇಕು. ಬಳ್ಳಾರಿಯ ಹುಡುಗಿಯ ತಟ್ಟೆಗೆ ಮೊದಲು ಏನನ್ನಾದರೂ ಕೂಡಿಸಬೇಕು.

ಹಾಗೆಂದು ನಮ್ಮ ತಟ್ಟೆ ನಿರ್ದೋಷಿಯಲ್ಲ. ನೀರು ನಿಲ್ಲಿಸಿ ಬೆಳೆಯುವ ಗದ್ದೆಯಿಂದ ಮೀಥೇನ್ ಏಳುತ್ತದೆ. ಒಂದು ಕಿಲೋ ಭತ್ತಕ್ಕೆ ಬೇಕಾಗುವ ನೀರು ಸುಮಾರು 2,500 ಲೀಟರ್ ಎಂಬ ಅಂದಾಜಿದೆ. ಕಾವೇರಿ ಕಣಿವೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಪನ್ನೀರು. ಕ್ಯಾಂಪಸ್ಸಿನಲ್ಲಿ ‘ಶುದ್ಧ ಸಸ್ಯಾಹಾರಿ ಸ್ಪೆಷಲ್’ ಎಂದರೆ ಪನ್ನೀರು, ಒಂದು ಕಿಲೋಗೆ ಐದಾರು ಲೀಟರ್ ಹಾಲು. ಪೂರ್ ಮತ್ತು ನೆಮೆಚೆಕ್ ಲೆಕ್ಕದಲ್ಲಿ 100 ಗ್ರಾಂ ಪ್ರೋಟೀನಿಗೆ ಚೀಸ್ ಹೊರಬಿಡುವ ಅನಿಲ ಸುಮಾರು 11 ಕಿಲೋ, ಮೊಟ್ಟೆಯದು 4 ಕಿಲೋ, ಬಟಾಣಿಯದು ಅರ್ಧ ಕಿಲೋಗೂ ಕಡಿಮೆ. ಪನ್ನೀರು ಚೀಸಿನ ದಾಯಾದಿ. ಭೂಮಿಯ ಹೆಸರಿನಲ್ಲಿ ಮೊಟ್ಟೆ ಬೇಡವೆಂದು ಪನ್ನೀರು ಬಡಿಸುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಹುರುಳಿಕಾಳಿನ ಬಸ್ಸಾರು ಬಡಿಸುವವರಿಗೆ ಯಾವ ತಕರಾರೂ ಇಲ್ಲ.

ಒಲೆಯ ಮಾತೂ ಇಲ್ಲಿಗೇ ಸೇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ತಂಡ ಕಡಿಮೆ ಸೌದೆ ನುಂಗುವ ಅಸ್ತ್ರ ಒಲೆಯನ್ನೂ ಹಳ್ಳಿಗೆ ಹೊಂದುವ ಗೋಬರ್ ಗ್ಯಾಸನ್ನೂ ರೂಪಿಸಿತು. ಆ ಜ್ಞಾನ ಹಳ್ಳಿಯ ಅಡುಗೆಮನೆಗೆ ಹೋಯಿತು. ಮುನ್ನೂರು ಜನಕ್ಕೆ ಬೇಯಿಸುವ ಬಹುಪಾಲು ಹಾಸ್ಟೆಲುಗಳು ಇನ್ನೂ ಸಿಲಿಂಡರಿನ ಸಾಲಿನಲ್ಲೇ ಇವೆ.

ಮುದ್ದೆ ಮತ್ತು ಅದನ್ನು ತಿರುವುವ ತೋಳು

ಕರ್ನಾಟಕದಲ್ಲಿ ಸುಸ್ಥಿರ ಆಹಾರ ಎಂದರೆ ಸಿರಿಧಾನ್ಯ ಎಂಬಂತಾಗಿದೆ. ಅದಕ್ಕೆ ಗಟ್ಟಿ ಕಾರಣಗಳಿವೆ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ನಾವೇ, ಬಹುಮಟ್ಟಿಗೆ ಮಳೆಯ ನೀರಿನಲ್ಲೇ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣದಂಶ ಇದೆ, ಅಕ್ಕಿಯಲ್ಲಿ ಅದರ ಮೂವತ್ತರಲ್ಲೊಂದು ಪಾಲೂ ಇಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಗಂಟು ಹಾಕಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ಇಳುವರಿಯನ್ನು ಏರಿಸಿ ರೈತನ ಕಣಜ ತುಂಬಿದರು. ಆದರೆ ಅದೇ ದಶಕಗಳಲ್ಲಿ ಹಸಿರು ಕ್ರಾಂತಿಯ ಅಕ್ಕಿ ಗೋಧಿ ಪಡಿತರದ ದಾರಿಯಲ್ಲಿ ಮನೆಮನೆಗೆ ಬಂತು. 2013ರ ಅನ್ನಭಾಗ್ಯ ಹಸಿವನ್ನು ತಗ್ಗಿಸಿತು, ಅನ್ನದ ರೂಢಿಯನ್ನು ಬಿಗಿಮಾಡಿತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ರಾಜಕಾರಣ.

ಹುಡುಗರು ಸಿರಿಧಾನ್ಯ ತಿನ್ನುತ್ತಾರೆಯೇ? ಇಕ್ರಿಸ್ಯಾಟ್ ಸಂಸ್ಥೆ ಕರ್ನಾಟಕದ ಶಾಲೆಗಳಲ್ಲಿ ಸುಮಾರು 1,500 ಮಕ್ಕಳಿಗೆ ಮೂರು ತಿಂಗಳು ಅನ್ನ ಸಾಂಬಾರಿನ ಬದಲು ರಾಗಿ ಇಡ್ಲಿ, ಸಾಮೆಯ ಬಿಸಿಬೇಳೆಬಾತ್, ಸಜ್ಜೆ ಬೆರೆತ ಉಪ್ಪಿಟ್ಟು ಕೊಟ್ಟು ನೋಡಿತು. 2019ರಲ್ಲಿ ಬಂದ ಫಲಿತಾಂಶದಲ್ಲಿ ಮಕ್ಕಳ ಬೆಳವಣಿಗೆಯೂ ಮೇಲಾಗಿತ್ತು, ರುಚಿಗೂ ಮಕ್ಕಳು ಒಳ್ಳೆಯ ಅಂಕ ಕೊಟ್ಟಿದ್ದರು. ರುಚಿ ಹಿಡಿಸಿದ್ದಕ್ಕೆ ಗುಟ್ಟೇನಿಲ್ಲ, ಅಡುಗೆ ಚೆನ್ನಾಗಿತ್ತು.

ಆದರೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಒಂದು ಹೊತ್ತು ನಿಂತವರಿಗೆ ಇನ್ನೊಂದು ಸತ್ಯ ಕಾಣುತ್ತದೆ. ಇನ್ನೂರು ಜನಕ್ಕೆ ಅನ್ನ ಇಡಲು ಒಬ್ಬರು ಸಾಕು. ಇನ್ನೂರು ಮುದ್ದೆ ಕಟ್ಟಬೇಕೆಂದರೆ ಹಿಟ್ಟಿನ ಕೋಲು ಹಿಡಿದು ಗಂಟಾಗದಂತೆ ತಿರುವುವ ಎರಡು ಜೊತೆ ತೋಳು ಬೇಕು, ಬಿಸಿಯಲ್ಲೇ ಉಂಡೆ ಕಟ್ಟುವ ಕೈಗಳು ಬೇಕು. ಜೋಳದ ರೊಟ್ಟಿ ಬಡಿಯುವುದು ಅದಕ್ಕಿಂತ ಕಷ್ಟ. ಅಡುಗೆಯವರು ಬಹುತೇಕ ಹೊರಗುತ್ತಿಗೆಯ ಹೆಂಗಸರು, ಸಂಬಳ ತಡವಾದರೆ ಕೇಳಲು ದಿಕ್ಕಿಲ್ಲದವರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ವೇದಿಕೆಗಳ ಮೇಲೆ ನವಣೆ ಪಾಯಸ ಹರಿಯಿತು. ಅಡುಗೆಯವರ ಸಂಖ್ಯೆ ಹೆಚ್ಚಿಸೋಣ ಎಂದು ಆ ವೇದಿಕೆಗಳಿಂದ ಯಾರೂ ಹೇಳಿದ್ದು ನಾನು ಕೇಳಲಿಲ್ಲ. ಉತ್ತರ ಕರ್ನಾಟಕದಲ್ಲಿ ಸ್ವಸಹಾಯ ಸಂಘದ ಹೆಂಗಸರು ಬಡಿದ ಕಡಕ್ ರೊಟ್ಟಿ ಈಗ ಮಾರುಕಟ್ಟೆಗೆ ಬರುತ್ತಿದೆ. ‘ಕಲಬುರಗಿ ರೊಟ್ಟಿ’ ಎಂಬ ಹೆಸರೇ ಒಂದು ಬ್ರ್ಯಾಂಡ್ ಆಗಿದೆ. ಹಾಸ್ಟೆಲಿಗೆ ರೊಟ್ಟಿ ಬರಬೇಕಾದರೆ ಈ ದಾರಿಯಲ್ಲೇ ಬರಬೇಕು ಎಂದು ನನ್ನ ಅನಿಸಿಕೆ.

ಮೆನು ಬರೆಯುವುದು ಟೆಂಡರು

ತಟ್ಟೆಯಲ್ಲಿ ಏನಿರಬೇಕೆಂದು ನಿಜವಾಗಿ ಯಾರು ತೀರ್ಮಾನಿಸುತ್ತಾರೆ? ವಾರ್ಡನ್ ಅಲ್ಲ, ಅಡುಗೆಯವರಲ್ಲ, ಪೌಷ್ಟಿಕ ತಜ್ಞರಂತೂ ಅಲ್ಲವೇ ಅಲ್ಲ. ಮೇಲಿನ ವಾದಗಳೆಲ್ಲ ಮುಗಿದ ಮೇಲೆ ಉಳಿಯುವುದು ದರಪಟ್ಟಿ.

ಸರ್ಕಾರಿ ಹಾಸ್ಟೆಲಿನ ಸಾಮಾನು ಖರೀದಿಯನ್ನು ಆಳುವುದು 1999ರ ಪಾರದರ್ಶಕತೆ ಕಾಯ್ದೆಯ ಟೆಂಡರು. ಕಡಿಮೆ ದರ ಕೂಗಿದವರಿಗೆ ಗುತ್ತಿಗೆ. ಕಾಯ್ದೆ ತಂದದ್ದು ಕಳ್ಳತನ ತಡೆಯಲು, ಅದರಲ್ಲಿ ತಪ್ಪಿಲ್ಲ. ಆದರೆ ಇಡೀ ಜಿಲ್ಲೆಗೆ ಒಟ್ಟಾಗಿ ಬೇಳೆ ಪೂರೈಸಬಲ್ಲವನು ದೊಡ್ಡ ವರ್ತಕನೇ. ನಾಲ್ಕು ಎಕರೆಯಲ್ಲಿ ತೊಗರಿ ಬೆಳೆದ ರೈತ ಠೇವಣಿ ಕಟ್ಟಿ ಟೆಂಡರು ಹಾಕಲಾರ. ಗುಲ್ಬರ್ಗದ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಬೇಳೆ ಅದೇ ಊರಿನ ಹಾಸ್ಟೆಲಿನ ಸಾರಿಗೆ ಬೀಳಲು ಈ ಗುರುತು ಸಾಲದು.

ದುಡ್ಡಿನ ಮಿತಿಯೂ ಇದೆ. 2023ರ ಹೊತ್ತಿಗೂ ಸರ್ಕಾರಿ ಹಾಸ್ಟೆಲಿನಲ್ಲಿ ಒಬ್ಬ ವಿದ್ಯಾರ್ಥಿಯ ತಿಂಗಳ ಊಟದ ವೆಚ್ಚ 2 ಸಾವಿರ ರೂಪಾಯಿ ಮುಟ್ಟಿರಲಿಲ್ಲ. ಬಜೆಟ್ಟಿನಿಂದ ಬಜೆಟ್ಟಿಗೆ ನೂರು ಇನ್ನೂರು ಏರುತ್ತದೆ, ಟೊಮೆಟೊ ಅಷ್ಟು ದಿನ ಕಾಯುವುದಿಲ್ಲ. ದರ ಏರಿದಾಗ ಮೊದಲು ತೆಳುವಾಗುವುದು ಸಾರು, ಆಮೇಲೆ ಮಜ್ಜಿಗೆ, ಆಮೇಲೆ ಪಲ್ಯದಲ್ಲಿ ಸೋರೆಕಾಯಿ ಹೆಚ್ಚುತ್ತದೆ. ಅನ್ನ ಮಾತ್ರ ಎಷ್ಟು ಬೇಕಾದರೂ ಇದೆ.

ವಿಶ್ವವಿದ್ಯಾಲಯದ ಕೆಲವು ಹಾಸ್ಟೆಲುಗಳಲ್ಲಿ ಇನ್ನೊಂದು ಪದ್ಧತಿ ಉಂಟು. ವಿದ್ಯಾರ್ಥಿಗಳೇ ಸೇರಿ ಸಾಮಾನು ತರಿಸಿ, ತಿಂಗಳ ಕೊನೆಗೆ ಒಟ್ಟು ಖರ್ಚನ್ನು ಉಂಡವರ ನಡುವೆ ಹಂಚುವುದು. ಅಲ್ಲಿ ಮೆಸ್ ಸೆಕ್ರೆಟರಿ ಬೆಳಗಿನ ಜಾವ ಮಾರುಕಟ್ಟೆಗೆ ಹೋಗಿ ತರಕಾರಿ ತೂಗಿಸಿ ತರಬೇಕು. ನಾನಿದ್ದ ಹಾಸ್ಟೆಲಿನಲ್ಲಿ ಒಂದು ವರ್ಷ ಈ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೈಗುಳ ಸಾಕಷ್ಟು ತಿಂದೆ. ಆದರೆ ಆ ವರ್ಷ ಡ್ರಮ್ಮಿಗೆ ಬೀಳುವುದು ಕಡಿಮೆಯಾಗಿತ್ತು, ಕಾರಣ ಚೆಲ್ಲಿದ್ದರ ದುಡ್ಡು ತಮ್ಮ ಬಿಲ್ಲಿನಲ್ಲೇ ಕಾಣುತ್ತಿತ್ತು.

ಯಾರ ತಟ್ಟೆ ಎಂಬ ಜಗಳ

ನಾಲ್ಕನೆಯ ವಾದ ಆಹಾರದ ಹಕ್ಕಿನದು. ಇದು ಕೇಳುವ ಪ್ರಶ್ನೆ ನೇರ: ಯಾರ ಊಟ ‘ಸಾಮಾನ್ಯ’ ಊಟವೆನಿಸಿಕೊಂಡಿದೆ, ಯಾರದು ‘ಸ್ಪೆಷಲ್’ ಅಥವಾ ‘ತೊಂದರೆ’? ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ನಡೆದ ದನದ ಮಾಂಸದ ಹಬ್ಬ, 2022ರ ರಾಮನವಮಿಯಂದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಮಾಂಸದೂಟಕ್ಕಾದ ಹೊಡೆದಾಟ, 2023ರಲ್ಲಿ ಮುಂಬಯಿ ಐಐಟಿಯಲ್ಲಿ ಸಸ್ಯಾಹಾರಿಗಳಿಗೇ ಮೀಸಲಿಟ್ಟ ಮೇಜು ಮತ್ತು ಅದನ್ನು ಪ್ರತಿಭಟಿಸಿದವರಿಗೆ ಬಿದ್ದ 10 ಸಾವಿರ ರೂಪಾಯಿ ದಂಡ, ಇವೆಲ್ಲ ಒಂದೇ ಸರದ ಮಣಿಗಳು. ಮೇಜು ಬೇರೆ ಮಾಡುವುದೆಂದರೆ ಪಂಕ್ತಿಭೇದಕ್ಕೆ ಹೊಸ ಪೇಂಟು ಬಳಿದಂತೆ ಎನ್ನುತ್ತಾರೆ ಒಬ್ಬರು. ಮಾಂಸದ ವಾಸನೆಗೆ ಹೊಟ್ಟೆ ತೊಳಸುವವನಿಗೂ ನೆಮ್ಮದಿಯಾಗಿ ಉಣ್ಣುವ ಹಕ್ಕಿಲ್ಲವೇ ಎನ್ನುತ್ತಾರೆ ಇನ್ನೊಬ್ಬರು.

ಕರ್ನಾಟಕದಲ್ಲಿ ಈ ಜಗಳದ ಹೆಸರು ಮೊಟ್ಟೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಕೆಲವು ಮಠಾಧೀಶರು ಎದ್ದುನಿಂತರು, ಮಕ್ಕಳೇ ಮೊಟ್ಟೆ ಬೇಕೆಂದು ಉತ್ತರ ಕೊಟ್ಟರು. ಮುಂದೆ ಅದು ಇಡೀ ರಾಜ್ಯಕ್ಕೆ ಹಬ್ಬಿತು. ಆಗ ಎಂಟನೆಯ ತರಗತಿಯಲ್ಲಿ ಮೊಟ್ಟೆ ತಿಂದವರು ಈಗ ಕಾಲೇಜಿನ ಮೆಟ್ಟಿಲೇರಿದ್ದಾರೆ. 2024ರ ಡಿಸೆಂಬರಿನ ಮಂಡ್ಯ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟದ ಬೇಡಿಕೆ ಎದ್ದು, ಕೊನೆಯ ದಿನ ಊಟಕ್ಕೆ ಮೊಟ್ಟೆ ಬಂದದ್ದನ್ನು ಓದುಗರು ಮರೆತಿರಲಾರರು. 2014ರ ಒಂದು ಸರ್ಕಾರಿ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ. 79ರಷ್ಟು ಜನ ಮಾಂಸಾಹಾರಿಗಳು. ಈ ರಾಜ್ಯದ ಸಾರ್ವಜನಿಕ ಪಂಕ್ತಿಯಲ್ಲಿ ಮೊಟ್ಟೆಗೆ ಮೂರು ದಿನ ಕಾಯಬೇಕಾಯಿತು.

ಪರಿಸರವಾದವೂ ಹಕ್ಕಿನ ವಾದವೂ ಮುಖಾಮುಖಿಯಾಗುವುದು ಇಲ್ಲೇ. ಪಶ್ಚಿಮದಿಂದ ಬಂದ ‘ಮಾಂಸ ಬಿಡಿ’ ಎಂಬ ಮಾತನ್ನು ನಮ್ಮಲ್ಲಿ ಕೆಲವರು ಶತಮಾನಗಳ ಮಡಿಗೆ ಸಿಕ್ಕ ವಿಜ್ಞಾನದ ಪ್ರಮಾಣಪತ್ರದಂತೆ ಹಿಡಿದುಕೊಂಡಿದ್ದಾರೆ. ಅದು ಅನ್ಯಾಯ. ವರ್ಷಕ್ಕೆ ನಾಲ್ಕು ಹಬ್ಬಕ್ಕೆ ಕುರಿ ಕಾಣುವ ಮನೆಯ ಹುಡುಗನನ್ನು ದಿನಕ್ಕೆರಡು ಸಲ ಮಾಂಸ ತಿನ್ನುವವನ ಸಾಲಿನಲ್ಲಿ ನಿಲ್ಲಿಸಿ ಪಾಠ ಹೇಳಲಾಗದು.

ಡ್ರಮ್ಮಿಗೆ ಬಿದ್ದದ್ದು

ಚೆಲ್ಲುವ ಅನ್ನದ ಬಗ್ಗೆ ಎಲ್ಲರಿಗೂ ಒಮ್ಮತ: ತಪ್ಪು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯಂತೆ 2022ರಲ್ಲಿ ಜಗತ್ತು ಚೆಲ್ಲಿದ ಆಹಾರ 105 ಕೋಟಿ ಟನ್. ಅದರಲ್ಲಿ ಹೋಟೆಲು, ಮೆಸ್ಸು, ಕ್ಯಾಂಟೀನುಗಳ ಪಾಲು ಕಾಲು ಭಾಗಕ್ಕಿಂತ ಹೆಚ್ಚು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡವೊಂದು ಹಿಂದೆ 75 ಕಲ್ಯಾಣಮಂಟಪಗಳನ್ನು ಸುತ್ತಿ, ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತದೆಂದು ಲೆಕ್ಕ ಕೊಟ್ಟಿತ್ತು. ದಿನಕ್ಕೆ 100 ಕಿಲೋ ಮೀರಿ ಕಸ ಹುಟ್ಟಿಸುವವರು ಹಸಿಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಸಂಸ್ಕರಿಸಬೇಕೆಂದು 2016ರ ಘನತ್ಯಾಜ್ಯ ನಿಯಮ ಹೇಳಿತು. ದೊಡ್ಡ ಹಾಸ್ಟೆಲ್ ಸಮುಚ್ಚಯಗಳು ಅದರೊಳಗೇ ಬರುತ್ತವೆ. ವಾಸ್ತವದಲ್ಲಿ ಡ್ರಮ್ಮು ಹೋಗುವುದು ಹಂದಿ ಸಾಕುವವರ ಆಟೊಕ್ಕೆ. ನಮ್ಮ ಅಜ್ಜಿ ಕಲಗಚ್ಚನ್ನು ಎಮ್ಮೆಯ ಬಾನಿಗೆ ಸುರಿದಂತೆಯೇ ಇದೂ ಎಂದರೆ ನಾನು ಪೂರ್ತಿ ತಳ್ಳಿಹಾಕಲಾರೆ. ಗೋಡೆಯ ಮೇಲೆ ‘ಅನ್ನ ಪರಬ್ರಹ್ಮ’ ಎಂದು ಬರೆಸುವುದಕ್ಕಿಂತ ಅದು ಉಪಯೋಗದ ಕೆಲಸ.

ಇನ್ನೂ ತೀರ್ಮಾನವಾಗದ್ದು

ಎಲ್ಲಕ್ಕಿಂತ ದೊಡ್ಡ ಖಾಲಿ ಜಾಗ ಹಾಸ್ಟೆಲಿನ ಹೊರಗಿದೆ. 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ 18ರಿಂದ 23 ವರ್ಷದ ಒಂದು ಲಕ್ಷ ಜನಕ್ಕೆ 66 ಕಾಲೇಜುಗಳಿದ್ದು ಕರ್ನಾಟಕ ದೇಶಕ್ಕೇ ಮೊದಲಿತ್ತು. ಇವುಗಳಲ್ಲಿ ಓದುವ ಬಹುಪಾಲು ಮಕ್ಕಳು ಬೆಳಿಗ್ಗೆ ಏಳಕ್ಕೆ ಹಳ್ಳಿಯಲ್ಲಿ ಬಸ್ಸು ಹತ್ತುವವರು. 2023ರ ಜೂನ್‌ನಿಂದ ಹುಡುಗಿಯರಿಗೆ ಆ ಬಸ್ಸು ಪುಕ್ಕಟೆ. ತಿಂಡಿ ಪುಕ್ಕಟೆಯಲ್ಲ, ಅಷ್ಟು ಹೊತ್ತಿಗೆ ಮನೆಯಲ್ಲಿ ಆಗಿಯೂ ಇರುವುದಿಲ್ಲ. ಸುಸ್ಥಿರ ಕ್ಯಾಂಪಸ್ಸಿನ ಚರ್ಚೆಯೆಲ್ಲ ಮೆಸ್ಸಿರುವ ಕ್ಯಾಂಪಸ್ಸಿನ ಚರ್ಚೆ. ಹತ್ತನೆಯ ತರಗತಿಯವರೆಗೆ ಬಿಸಿಯೂಟ ಕೊಟ್ಟು ಪಿಯುಸಿಗೆ ಬಂದೊಡನೆ ನಿಲ್ಲಿಸುವುದು ಯಾವ ಲೆಕ್ಕ ಎಂಬುದಕ್ಕೆ ನಾಲ್ಕು ಪಂಥದವರ ಬಳಿಯೂ ಉತ್ತರವಿಲ್ಲ.

ಊಟದ ವೆಚ್ಚವನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಬೇಕೇ, ಬಜೆಟ್ಟಿನ ಔದಾರ್ಯಕ್ಕೇ ಬಿಡಬೇಕೇ? ಟೆಂಡರಿನ ಶಿಸ್ತು ಕೆಡದಂತೆ ರೈತ ಸಂಘಗಳಿಂದ ನೇರ ಖರೀದಿಗೆ ಬಾಗಿಲು ತೆರೆಯುವುದು ಹೇಗೆ? ಮೂರು ತಿಂಗಳ ಪ್ರಯೋಗದಲ್ಲಿ ಗೆದ್ದ ಸಿರಿಧಾನ್ಯ ಮೂರು ವರ್ಷದ ಪದವಿಯುದ್ದಕ್ಕೂ ಬಾಯಿಗೆ ಹಿಡಿಸೀತೇ? ಒಂದೇ ಮೇಜಿನಲ್ಲಿ ಎಲ್ಲರೂ ಕೂತು ಅವರವರ ಊಟ ಉಣ್ಣುವುದನ್ನು ನಿಯಮ ಮಾಡಿ ತರಬಹುದೇ, ಅದು ತಾನಾಗಿ ಆಗಬೇಕಾದ್ದೇ? ಇವುಗಳ ಮೇಲೆ ಅಭಿಪ್ರಾಯಗಳು ರಾಶಿ ಇವೆ. ಒಳ್ಳೆಯ ಅಳತೆಗಳು ಮಾತ್ರ ವಿರಳ.

ನನ್ನ ಪಕ್ಷ ಇಷ್ಟು: ಮೊದಲು ಸಾರಿಗೆ ಬೇಳೆ, ಬೇಕಾದವರಿಗೆ ಮೊಟ್ಟೆ, ವಾರಕ್ಕೆರಡು ಹೊತ್ತು ಮುದ್ದೆಯೋ ರೊಟ್ಟಿಯೋ, ಅದಕ್ಕೆ ತಕ್ಕ ಅಡುಗೆಯವರು, ಮೆನು ಬರೆಯುವಾಗ ಉಣ್ಣುವವರ ಮಾತು. ಕಾರ್ಬನ್ನಿನ ಲೆಕ್ಕ ಆಮೇಲೆ ಹಾಕಿದರೆ ಅದೂ ಬಹುಮಟ್ಟಿಗೆ ಸರಿಹೋಗಿರುತ್ತದೆ.

ಇದನ್ನು ಓದುವ ಅಧ್ಯಾಪಕರಲ್ಲಿ ಒಂದು ಕೋರಿಕೆ. ಎಂ.ಎಸ್ಸಿ. ಪ್ರಬಂಧಕ್ಕೆ ವಿಷಯ ಹುಡುಕಿಕೊಂಡು ನಿಮ್ಮ ಕೊಠಡಿಗೆ ಬರುವ ವಿದ್ಯಾರ್ಥಿಗೆ, ಅವರದೇ ಹಾಸ್ಟೆಲಿನ ನೀಲಿ ಡ್ರಮ್ಮನ್ನು ಒಂದು ತಿಂಗಳು ಪ್ರತಿ ಹೊತ್ತೂ ತೂಗಿ, ಅದರಲ್ಲಿ ಅನ್ನವೆಷ್ಟು ಪಲ್ಯವೆಷ್ಟು ಎಂದು ಬರೆದಿಡಲು ಹೇಳಿ. ಕಲ್ಯಾಣಮಂಟಪದ ಲೆಕ್ಕ ಹಾಕಿದವರಿಗೆ ಇದು ಕಷ್ಟವಲ್ಲ. ತಕ್ಕಡಿ ಮೆಸ್ಸಿನ ಉಗ್ರಾಣದಲ್ಲೇ ಇದೆ.